ಹಾಲಿ ವಸ್ತಿ

ಇಬ್ರಾಹಿಂಪುರ ಸ್ಟೇಷನ್ ಹತ್ತಿರದ ಚಹಾದಂಗಡಿಯಲ್ಲಿ ತಿಕೋಟಾ ಕಡೆಯ ಹುಡುಗನೊಬ್ಬ ಗೆಳೆಯನಿಗೆ ಹೇಳುತ್ತಿದ್ದ: "ನಮ್ಮ ಸಾಹೇಬ್ರು ಬಬಲೇಶ್ವರಕ್ಕ ಖಾಯಂ ಹಾಲಿ ಅದಾರಲೇ." ಅವನ ಅಭಿಮಾನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಖಾಯಂ ಆದದ್ದು ಹಾಲಿ ಹೇಗಾದೀತು? ಅವೆರಡೂ ಒಂದೇ ಮನೆಯಲ್ಲಿ ಬಾಳುವ ಪದಗಳಲ್ಲ.

ಹಾಲಿ ಯಾವ ಭಾಷೆಯಿಂದ ಬಂತು ಎಂಬುದನ್ನು ನಿಘಂಟು ತೆರೆದವರು ಯಾರಾದರೂ ಹೇಳಿಯಾರು. ನನ್ನ ಕುತೂಹಲ ಬೇರೆ. ಅದು ಎಲ್ಲಿ ದುಡಿದು, ಯಾವ ಬಾಗಿಲಿನಿಂದ ನಮ್ಮ ರಾಜಕೀಯದೊಳಗೆ ಬಂತು? ಬಾಂಡ್ ರೈಟರನ ಮೇಜಿನಿಂದ ಬಂತು ಎಂಬುದು ನನ್ನ ಗಟ್ಟಿ ನಂಬಿಕೆ. ನಮ್ಮ ಕಡೆಯ ಯಾವುದೇ ಖರೀದಿ ಪತ್ರ, ಫಿರ್ಯಾದಿ, ಅಫಿಡವಿಟ್ ತೆಗೆದು ನೋಡಿ. ಹೆಸರು, ವಯಸ್ಸು, ಉದ್ಯೋಗ ಒಕ್ಕಲುತನ, ಸಾ॥ ತಿಕೋಟಾ, ಹಾಲಿ ವಸ್ತಿ ಇಬ್ರಾಹಿಂಪುರ, ವಿಜಯಪುರ. ಈ ಒಂದು ಸಾಲಿನಲ್ಲಿ ಮನುಷ್ಯನ ಬದುಕೇ ಇದೆ. ದ್ರಾಕ್ಷಿ ಪಡ, ಮನೆದೇವರು, ಮತದಾರರ ಪಟ್ಟಿಯ ಹೆಸರು ಎಲ್ಲ ಊರಲ್ಲಿ. ಮಕ್ಕಳ ಸಾಲಿಗಾಗಿ ಹಿಡಿದ ಬಾಡಿಗೆ ಮನೆ ಇಲ್ಲಿ. ಹಾಲಿ ಎಂದು ಬರೆದ ಕೂಡಲೇ ಇವನಿಗೆ ಇನ್ನೊಂದು ಊರಿದೆ, ಒಂದು ದಿನ ಅಲ್ಲಿಗೆ ಹೋಗುವವನು ಎಂಬುದೂ ಸೇರಿಯೇ ಬರುತ್ತದೆ. ಶಾಸಕನ ಹೆಸರಿನ ಹಿಂದೆ ಈ ಪದ ಇಟ್ಟ ಮೊದಲ ವರದಿಗಾರ ಯಾರೋ, ಅವನಿಗೆ ಕಾಗದಪತ್ರದ ಈ ಕನ್ನಡ ಚೆನ್ನಾಗಿ ಬರುತ್ತಿತ್ತು. ಕುರ್ಚಿಯೂ ಒಂದು ವಸ್ತಿ ಎಂದು ಬಲ್ಲವನು ಅವನು.

ಈಗಿನವರಿಗೆ ಅದು ಸಾಲುತ್ತಿಲ್ಲ. ಟಿ.ವಿ.ಯವರು 'ಸಿಟ್ಟಿಂಗ್ ಎಮ್ಮೆಲ್ಲೆ' ಅನ್ನುತ್ತಾರೆ, ಎರಡು ಸಲ ಗೆದ್ದವರನ್ನು 'ಸೋಲಿಲ್ಲದ ಸರದಾರ' ಮಾಡುತ್ತಾರೆ, ಕ್ಷೇತ್ರವನ್ನು 'ಭದ್ರಕೋಟೆ' ಎನ್ನುತ್ತಾರೆ. ನಿಜವಾದ ಭದ್ರಕೋಟೆಯ ಗೋಡೆ ವಿಜಯಪುರದ ಸುತ್ತ ಇನ್ನೂ ನಿಂತಿದೆ. 1686ರಲ್ಲಿ ಔರಂಗಜೇಬನ ಮುತ್ತಿಗೆಗೆ ಅದೂ ಬಾಗಿಲು ತೆರೆಯಿತು.

ಇನ್ನು ಆ ಹುಡುಗನ ಸಾಹೇಬ್ರು, ಬಬಲೇಶ್ವರದ ಕಾಂಗ್ರೆಸ್ ಶಾಸಕ ಎಂ.ಬಿ. ಪಾಟೀಲರ ಮಾತು. ತಂದೆ ಬಿ.ಎಂ. ಪಾಟೀಲರು ತೀರಿಕೊಂಡ ಮೇಲೆ 1991ರ ಉಪಚುನಾವಣೆಯಲ್ಲಿ ತಿಕೋಟಾದಿಂದ ವಿಧಾನಸಭೆಗೆ ಹೋದರು. 1998ರಲ್ಲಿ ವಿಜಾಪುರದ ಸಂಸದರಾದರು. ಮರುವರ್ಷವೇ ಆ ಸ್ಥಾನ ಬಸನಗೌಡ ಪಾಟೀಲ ಯತ್ನಾಳರ ಪಾಲಾಯಿತು, ಇವರು ಮಾಜಿಯಾದರು. 2004ರಲ್ಲಿ ತಿಕೋಟಾ ಮತ್ತೆ ಕರೆಯಿತು. ಕ್ಷೇತ್ರ ಮರುವಿಂಗಡಣೆಯಲ್ಲಿ ತಿಕೋಟಾದ ಹೆಸರು ಹೋಗಿ ಬಬಲೇಶ್ವರ ಬಂದ ಮೇಲೆ 2008, 2013, 2018, 2023 ನಾಲ್ಕೂ ಸಲ ಗೆದ್ದರು. ಹಾಲಿ, ಮಾಜಿ, ಮತ್ತೆ ಹಾಲಿ. ಖಾಯಂ ಎನ್ನುವ ಹುಡುಗನಿಗೆ ನಡುವಿನ ಆ ಮಾಜಿ ವರ್ಷಗಳು ನೆನಪಿಲ್ಲ, ಆಗ ಅವನು ಹುಟ್ಟಿಯೂ ಇರಲಿಕ್ಕಿಲ್ಲ.

ನಮ್ಮ ರಾಜ್ಯಕ್ಕಂತೂ ಖಾಯಂ ಎಂಬುದು ಒಗ್ಗಿ ಬಂದಿಲ್ಲ. 1985ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಮರಳಿ ಆರಿಸಿದ್ದೇ ಕೊನೆ. ಆಮೇಲೆ ಆಳುವ ಪಕ್ಷಕ್ಕೆ ಕರ್ನಾಟಕ ಎರಡನೇ ಸಲ ಹೂಂ ಅಂದಿಲ್ಲ. 2018ರಲ್ಲಿ ಕಾಂಗ್ರೆಸ್ 122ರಿಂದ 80ರ ಆಸುಪಾಸಿಗೆ ಇಳಿಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಚಾಮುಂಡೇಶ್ವರಿಯಲ್ಲಿ ಸೋತರು. ಲಿಂಗಾಯತ ಪ್ರತ್ಯೇಕ ಧರ್ಮದ ಹೋರಾಟದಲ್ಲಿ ಮುಂದೆ ನಿಂತವರಲ್ಲಿ ಧಾರವಾಡದ ವಿನಯ ಕುಲಕರ್ಣಿ ಸೋತರು. ಅದೇ ಹೋರಾಟದ ಮುಂಚೂಣಿಯಲ್ಲಿದ್ದ ಪಾಟೀಲರು ಮಾತ್ರ ಬಿಜೆಪಿಯ ವಿಜುಗೌಡ ಪಾಟೀಲರ ಎದುರು 29 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಆ ಸಲ ಊರೂರಲ್ಲಿ ಕೇಳಿಬಂದ ಗಾದೆಯೆಂದರೆ 'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ'. ಪಾಟೀಲರು ಐದು ವರ್ಷ ಜಲಸಂಪನ್ಮೂಲ ಸಚಿವರಾಗಿದ್ದವರು. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮಡ್ಡಿ ಹತ್ತಿ ಬಂತು, ಆದಿಲ್‌ಶಾಹಿ ಕಾಲದ ಮಮದಾಪುರದ ಕೆರೆಯೂ ನೀರು ಕಂಡಿತು. ಇಷ್ಟಾದ ಮೇಲೂ ಜನ ಅಂಬಿಗನನ್ನು ಮರೆತರೆ ಹೇಗೆ ಎಂಬುದು ಕಾರ್ಯಕರ್ತರ ಅಳಲು. ಈ ಗಾದೆಯನ್ನು ನಮ್ಮವರು ತಿರುವುಮುರುವು ಮಾಡಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಅದನ್ನು ಕಟ್ಟಿದವರು ಹೊಳೆದಂಡೆಯ ಜನ. ಸೇತುವೆ ಇಲ್ಲದ ಕಾಲದಲ್ಲಿ ಕೃಷ್ಣೆ ತುಂಬಿ ಬಂದರೆ ಹರಿಗೋಲಿನವನೇ ದಿಕ್ಕು; ಅವನ ಹಂಗು ಅಂದರೆ ಜೀವದ ಹಂಗು. ಹಾಗಾದರೆ ಚುನಾವಣೆಯ ಹೊಳೆಯನ್ನು ದಾಟಬೇಕಾದವರು ಯಾರು? ದಂಡೆಯಲ್ಲಿ ನಿಂತು ಕೈಮುಗಿಯುವವರು ಅಭ್ಯರ್ಥಿಗಳು, ಹುಟ್ಟು ಹಿಡಿದವರು ಮತದಾರರು. ನೀರು ತಂದದ್ದಕ್ಕೆ ಜನ ಋಣ ಇಟ್ಟುಕೊಂಡರು, ಅದು ಅವರ ದೊಡ್ಡತನ. ಆದರೆ ಐದು ವರ್ಷಕ್ಕೊಮ್ಮೆ ಅಂಬಿಗರ ಹಂಗಿಗೆ ಬೀಳುವವರು ಸಾಹೇಬರೇ. ಪ್ರಚಾರದ ವೇದಿಕೆಯಲ್ಲಿ ಈ ಗಾದೆ ಹೇಳುವ ಕಾರ್ಯಕರ್ತ ಯಾರು ಹರಿಗೋಲಿನಲ್ಲಿ ಕೂತವರು, ಯಾರು ನಡೆಸುವವರು ಎಂಬುದನ್ನು ಮೊದಲು ನೋಡಲಿ.

ಅಂಬಿಗರು ಲೆಕ್ಕ ಇಟ್ಟಿದ್ದರು. 2023ರ ಮೇ 10ರ ಮತದಾನದಲ್ಲಿ ಗಾಳಿ ಪೂರಾ ತಿರುಗಿತ್ತು, ಕಾಂಗ್ರೆಸ್ಸಿಗೆ 135 ಸ್ಥಾನ ಬಂತು. ಬಬಲೇಶ್ವರದಲ್ಲಿ ಅದೇ ಎದುರಾಳಿ, ಅದೇ ಫಲಿತಾಂಶ. ಅಂತರ ಮಾತ್ರ 15 ಸಾವಿರ ಚಿಲ್ಲರೆಗೆ ಇಳಿಯಿತು. ಪಕ್ಷ ಬಿದ್ದ ವರ್ಷ ಏರಿಸಿದವರು ಪಕ್ಷ ಗೆದ್ದ ವರ್ಷ ಇಳಿಸಿದರು. ಹಾಲಿ ಪದದ ಅರ್ಥ ತಿಳಿದ ಮತದಾರರು ಇವರು. ನನಗೆ ಇವರ ಮೇಲೆ ಬಹಳ ಗೌರವ.

ವಿಜಯಪುರ ನಗರ ಕ್ಷೇತ್ರದಲ್ಲಿ ಈ ಪದಕ್ಕೆ ಇನ್ನೊಂದು ಪರೀಕ್ಷೆ ಬಂತು. ಯತ್ನಾಳರು 2023ರಲ್ಲಿ ಬಿಜೆಪಿಯಿಂದ ಗೆದ್ದರು, 2025ರ ಮಾರ್ಚ್‌ನಲ್ಲಿ ಪಕ್ಷ ಅವರನ್ನು ಆರು ವರ್ಷ ಉಚ್ಚಾಟಿಸಿತು. ಪಕ್ಷ ಹೋಯಿತು, ಹಾಲಿ ಉಳಿಯಿತು. ಕೊಟ್ಟವರು ಜನ, ಹೈಕಮಾಂಡ್ ಅಲ್ಲವಲ್ಲ.

ನನ್ನ ಬೇಡಿಕೆ ಸಣ್ಣದು. ಖರೀದಿ ಪತ್ರದಲ್ಲಿ ಹಾಲಿ ವಸ್ತಿ ಎಂಬ ಮಾತಿಗೆ ಬೆಲೆ ಬರುವುದು ಕಾಗದದ ಮೇಲ್ಗಡೆ ತಾರೀಖು ಇರುವುದರಿಂದ. ಫ್ಲೆಕ್ಸಿಗೆ, ಅಡಿಗಲ್ಲಿಗೆ, ಊರ ಕಮಾನಿಗೆ ತಾರೀಖಿಲ್ಲದೆ 'ಹಾಲಿ ಶಾಸಕರು' ಎಂದು ಬರೆದುಬಿಡುತ್ತಾರೆ. ಅವರು ಮಾಜಿಯಾಗಿ ಎಷ್ಟೋ ಕಾಲವಾದರೂ ಬಣ್ಣ ಮಾಸಿದ ಅಕ್ಷರ ಹಾಗೇ ಇರುತ್ತದೆ. ಬರೆಯುವುದಾದರೆ ಇಸವಿ ಹಾಕಿ ಬರೆಯಲಿ: ಹಾಲಿ ಶಾಸಕರು, ಬಬಲೇಶ್ವರ, 2023ರಿಂದ.