ಅರಸಿನ ಕೆರೆ, ಅರಸಿಯ ನೆನಪು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಚಿಕ್ಕರಸಿನಕೆರೆ ಎಂಬ ಊರಿದೆ. ಅದು ಹೋಬಳಿಯ ಕೇಂದ್ರ. ಕಾಲಭೈರವೇಶ್ವರನ ಗುಡಿಗೂ ಅಲ್ಲಿನ ದೇವರ ಬಸವನಿಗೂ ಸುತ್ತಿನ ಸೀಮೆಯಲ್ಲೆಲ್ಲ ಹೆಸರಾದದ್ದು. ಅದೇ ತಾಲ್ಲೂಕಿನಲ್ಲಿ ದೊಡ್ಡರಸಿನಕೆರೆ ಎಂಬ ಇನ್ನೊಂದು ಊರೂ ಉಂಟು. ಈ ಜೋಡಿ ಹೆಸರುಗಳನ್ನು ಮೊದಲ ಸಲ ಕೇಳಿದವರಿಗೆ, ಹಿರಿಯರಸಿಯೊಬ್ಬಳು ಒಂದು ಕೆರೆಯನ್ನೂ ಕಿರಿಯರಸಿಯೊಬ್ಬಳು ಇನ್ನೊಂದನ್ನೂ ಕಟ್ಟಿಸಿರಬೇಕೆಂದು ತೋರುವುದು ಸಹಜ. ಕೆರೆ ಕಟ್ಟಿಸುವುದು ನಮ್ಮ ನಾಡಿನಲ್ಲಿ ಮಹಾಪುಣ್ಯದ ಕೆಲಸ. ಅರಸಿಯರು ಅದರಲ್ಲಿ ಹಿಂದೆ ಬಿದ್ದವರಲ್ಲ. ಆದರೆ ವ್ಯಾಕರಣ ಇಲ್ಲಿ ತುಸು ನಿಷ್ಠುರವಾಗಿದೆ. 'ಅರಸಿ' ಎಂಬ ಶಬ್ದಕ್ಕೆ ಷಷ್ಠೀ ವಿಭಕ್ತಿ ಹತ್ತಿದರೆ 'ಅರಸಿಯ' ಎಂದಾಗುತ್ತದೆ. 'ಅರಸಿನ' ಎಂಬುದು 'ಅರಸು' ಶಬ್ದದ ರೂಪ. ಪೂಜೆಗೂ ಅಡುಗೆಗೂ ಬಳಸುವ ಅರಸಿನವೂ ಅದೇ ಅಕ್ಷರಗಳಲ್ಲಿದೆ. ಹೀಗೆ ಅರಸಿಯನ್ನು ಬಯಸಿ ಹೋದ ಕಿವಿಗೆ ಅರಸನೇ ಎದುರಾಗುತ್ತಾನೆ. ಇತ್ತೀಚೆಗೆ ಕಚೇರಿಯ ಕಾಗದಗಳಲ್ಲಿ ಈ ಊರು 'ಸಿ.ಎ. ಕೆರೆ' ಎಂದು ಬರೆಯಿಸಿಕೊಳ್ಳುತ್ತಿದ್ದು, ಅರಸು, ಅರಸಿ, ಅರಸಿನ ಮೂರೂ ಒಂದು ಅಕ್ಷರದೊಳಗೆ ಅಡಗಿಹೋಗಿವೆ.

ಒಂದು ಊರಿನ ಹೆಸರಿನ ವಿಚಾರವನ್ನು ಇಷ್ಟು ಬೆಳೆಸಲು ಕಾರಣವಿದೆ. ಮಾರ್ಚ್ ಎಂಟರಂದು ನಮ್ಮ ಹಳ್ಳಿಹೋಬಳಿಗಳಲ್ಲಿಯೂ ಈಗ ಮಹಿಳಾ ದಿನಾಚರಣೆ ನಡೆಯುತ್ತದೆ. ಶಾಲೆಯ ಅಂಗಳದಲ್ಲೋ ಪಂಚಾಯಿತಿಯ ಕಟ್ಟಡದ ಮುಂದೋ ಚಪ್ಪರ ಏಳುತ್ತದೆ. ರಂಗೋಲಿಯ ಸ್ಪರ್ಧೆ, ಹಾಡು, ಸನ್ಮಾನ, ಪೇಟೆಯಿಂದ ಬಂದ ಅತಿಥಿಗಳ ಭಾಷಣ, ಎಲ್ಲವೂ ಕ್ರಮವಾಗಿ ಆಗುತ್ತವೆ. ಭಾಷಣದಲ್ಲಿ ಕಿತ್ತೂರಿನ ಚೆನ್ನಮ್ಮ ಬರುತ್ತಾಳೆ, ಚಿತ್ರದುರ್ಗದ ಓಬವ್ವ ಬರುತ್ತಾಳೆ. ಬರಬೇಕಾದವರೇ. ಆದರೆ ಚಪ್ಪರದ ಕೆಳಗೆ ಕುಳಿತ ಹೆಂಗಸರ ಊರಿನಿಂದ, ಅವರ ತಾಲ್ಲೂಕಿನಿಂದ ಒಂದು ಹೆಸರಾದರೂ ಬರುವುದೇ ಎಂದು ಕೇಳಿಕೊಂಡರೆ ಉತ್ತರ ಸುಲಭವಲ್ಲ. ಹೆಣ್ಣಿನ ನೆನಪನ್ನು ನಮ್ಮ ನಾಡು ಯಾವ ಯಾವ ರೀತಿಯಲ್ಲಿ ಕಾಪಾಡಿಕೊಂಡು ಬಂದಿದೆ, ಯಾವುದನ್ನು ಕೈಬಿಟ್ಟಿದೆ ಎಂಬುದನ್ನು ಈ ನೆಪದಲ್ಲಿ ನೋಡಬಹುದು.

ಮದ್ದೂರು ತಾಲ್ಲೂಕಿನ ಅತ್ಯಂತ ಪ್ರಸಿದ್ಧವಾದ ಶಾಸನ ಆತಕೂರಿನದು. ಕಾಲ ಸುಮಾರು ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ವೃತ್ತಾಂತ ಅದರಲ್ಲಿದೆ. ಆ ಯುದ್ಧದಲ್ಲಿ ಗಂಗರ ಬೂತುಗನ ಪಕ್ಷದಲ್ಲಿ ಹೋರಾಡಿದ ಮಣಲೆರನೆಂಬ ವೀರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡ ಗೊರವನಿಗೆ ಪಾಪ ತಟ್ಟಲಿ ಎಂಬ ಶಾಪವನ್ನೂ ಬರೆಸಲಾಯಿತು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸ್ವಾಮಿಭಕ್ತಿಗೆ ಸಂದ ಆ ಗೌರವವನ್ನು ಕಂಡು ಯಾರಿಗಾದರೂ ಮನಸ್ಸು ತುಂಬಿ ಬರುತ್ತದೆ. ಸಾವಿರ ವರ್ಷ ಕಳೆದರೂ ಆ ನಾಯಿಯ ಹೆಸರು ನಮಗೆ ಗೊತ್ತು. ಅದೇ ವರ್ಷ ಅದೇ ಆತಕೂರಿನಲ್ಲಿ ಬತ್ತ ಕುಟ್ಟಿ, ಮಕ್ಕಳನ್ನು ಹೆತ್ತು, ಯುದ್ಧಕ್ಕೆ ಗಂಡನನ್ನು ಕಳಿಸಿ ಹೊಲ ನೋಡಿಕೊಂಡ ಹೆಂಗಸರಲ್ಲಿ ಒಬ್ಬಳ ಹೆಸರೂ ಆ ಕಲ್ಲಿನ ಮೇಲಿಲ್ಲ.

ಹೆಣ್ಣಿಗೆಂದೇ ನಿಲ್ಲಿಸಿದ ಕಲ್ಲುಗಳು ನಮ್ಮಲ್ಲಿ ಇಲ್ಲವೆಂದಲ್ಲ. ಊರ ಹೊರಗೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಮಾಸ್ತಿಕಲ್ಲುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಮಹಾಸತಿ ಎಂಬುದೇ ಜನರ ಬಾಯಲ್ಲಿ ಸವೆದು ಮಾಸ್ತಿಯಾದದ್ದು. ಕಂಬದಿಂದ ಹೊರಚಾಚಿದ ತೋಳು, ಅದರ ತುಂಬ ಬಳೆ, ಕೈಯಲ್ಲಿ ನಿಂಬೆಹಣ್ಣು. ಮುಖವಿದ್ದರೂ ಹೆಸರು ಅಪರೂಪ. ಹೆಸರಿದ್ದಲ್ಲಿ ಕಥೆ ಕರುಳು ಹಿಂಡುವಂಥದು. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿರುವ 1057ರ ಶಾಸನ ದೇಕಬ್ಬೆ ಎಂಬಾಕೆಯದು. ಗಂಡ ಏಚನಿಗೆ ಮರಣದಂಡನೆಯಾದಾಗ ತಾಯಿತಂದೆಯರು ಎಷ್ಟು ತಡೆದರೂ ಕೇಳದೆ ಆಕೆ ಬೆಂಕಿಯನ್ನು ಹೊಕ್ಕಳು. ಅದನ್ನು ಬರೆದ ಕವಿ ಅದೊಂದು ಸಣ್ಣ ಕಾವ್ಯವೇ ಆಗುವಂತೆ ಬರೆದಿದ್ದಾನೆ. ಜನಪದದ 'ಕೆರೆಗೆ ಹಾರ'ವನ್ನು ಎತ್ತಿಕೊಂಡರೂ ಅಷ್ಟೆ: ನೀರು ಬಾರದ ಕೆರೆಗೆ ಆಹುತಿಯಾದವಳು ಮನೆಯ ಕಿರಿಯ ಸೊಸೆ ಭಾಗೀರಥಿ. ಕಲ್ಲಾಗಲಿ ಹಾಡಾಗಲಿ, ಹೆಣ್ಣು ಸತ್ತ ರೀತಿಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. ಅವಳು ಬದುಕಿದ ರೀತಿಯ ಬಗ್ಗೆ ಬಹುಮಟ್ಟಿಗೆ ಮೌನ. ಸಾವಿನ ಬೆಲೆ ತೆತ್ತ ಮೇಲಷ್ಟೇ ಹೆಣ್ಣಿಗೆ ನೆನಪಿನಲ್ಲಿ ಒಂದು ಠಾವು ಸಿಕ್ಕುವುದಾದರೆ, ಆ ನೆನಪನ್ನು ಉತ್ಸವವೆನ್ನಲು ನಾಲಗೆ ಹಿಂಜರಿಯುತ್ತದೆ.

ಹಾಗೆಂದು ನಮ್ಮ ಹಿರಿಯರಿಗೆ ಬೇರೆಯ ಕಣ್ಣೇ ಇರಲಿಲ್ಲವೆಂದರೆ ಅನ್ಯಾಯವಾದೀತು. ಹತ್ತನೆಯ ಶತಮಾನದ ಆದಿಭಾಗದಲ್ಲಿ ಬಂದಳಿಕೆಯ ಶಾಸನವೊಂದು ಜಕ್ಕಿಯಬ್ಬೆಯನ್ನು ಕುರಿತು ಹೇಳುತ್ತದೆ. ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ಅಧಿಕಾರ ಅವಳಿಗೆ ಬಂತು. ಅವಳು ಚಿತೆಯೇರಲಿಲ್ಲ, ಆಡಳಿತ ನಡೆಸಿದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಜೈನಧರ್ಮದಂತೆ ಸಲ್ಲೇಖನದಿಂದ ದೇಹ ಬಿಟ್ಟಳು. ಶ್ರವಣಬೆಳಗೊಳದ ಒಂದು ವೀರಗಲ್ಲಿನಲ್ಲಿ ಸಾವಿಯಬ್ಬೆ ಕುದುರೆಯೇರಿ, ಕತ್ತಿ ಹಿರಿದು, ಆನೆಯ ಮೇಲಿನ ವೈರಿಯನ್ನು ಇದಿರಿಸುತ್ತಾಳೆ. ಲಕ್ಕುಂಡಿಯ 1007ರ ಶಾಸನ ಕೊಂಡಾಡುವ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು, ರನ್ನನಿಗೆ ಆಶ್ರಯವಿತ್ತವಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಓಲೆ, ಎಷ್ಟು ಕಂಠ, ಎಷ್ಟು ಲಿಪಿಕಾರರ ಕೂಲಿ ಎಂಬುದನ್ನು ಊಹಿಸಿದರೆ ಅವಳ ವ್ಯವಸ್ಥಾಶಕ್ತಿ ತಿಳಿದೀತು. ಹೊಯ್ಸಳರ ಶಾಂತಲೆ 1123ರಲ್ಲಿ ಬೆಳಗೊಳದಲ್ಲಿ ಕಟ್ಟಿಸಿದ ಬಸದಿ ಅವಳ ಬಿರುದಿನಿಂದಲೇ ಸವತಿಗಂಧವಾರಣ ಬಸದಿಯೆಂದು ಇಂದಿಗೂ ಕರೆಯಿಸಿಕೊಳ್ಳುತ್ತದೆ. ಈ ನಾಲ್ವರೂ ತಾವು ಮಾಡಿದ ಕೆಲಸದಿಂದ ನೆನಪಾದವರು. ಕಲ್ಲಿಗೆ ಇಂಥದನ್ನು ಬರೆಯಲು ಬರುತ್ತಿತ್ತು. ಬರೆಸುವ ಕೈ ಮಾತ್ರ ವಿರಳವಾಗಿತ್ತು. ಬರೆಸಿಕೊಂಡವರಲ್ಲಿಯೂ ಹೆಚ್ಚಿನವರು ಅರಮನೆಗೋ ಅಧಿಕಾರದ ಮನೆತನಕ್ಕೋ ಸೇರಿದವರೆಂಬುದು ಗಮನಿಸಬೇಕಾದ ಸಂಗತಿ.

ಕಲ್ಲು ಬರೆಯದ್ದನ್ನು ಕಾಪಾಡಿದ್ದು ಹಾಡು ಮತ್ತು ಹಬ್ಬ. ಮಂಡ್ಯ, ಮಳವಳ್ಳಿ, ಕೊಳ್ಳೇಗಾಲದ ಸೀಮೆಯಲ್ಲಿ ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಲೆಯ ಮಾದೇಶ್ವರನ ಕಾವ್ಯದಲ್ಲಿ ಸಂಕವ್ವನ ಸಾಲು ಬರುತ್ತದೆ. ಜೇನು ತರಲು ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳ ಶೀಲದ ಬಗ್ಗೆ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ. ಹಿಂಸೆ ಕೊಟ್ಟರೂ ಕೊಡುವುದಿಲ್ಲ. ಆ ನಿರಾಕರಣೆಯನ್ನು ನಮ್ಮ ಹಳ್ಳಿಯ ಹೆಂಗಸರು ತಲೆಮಾರುಗಳಿಂದ ಕೇಳಿ ಕಣ್ಣೊರಸಿಕೊಂಡಿದ್ದಾರೆ. ಪ್ರಾಯಶಃ ಒಳಗೊಳಗೇ ನೆಟ್ಟಗಾಗಿಯೂ ಇದ್ದಾರೆ. ಗೌರಿಯ ಹಬ್ಬವೆಂದರೆ ತವರಿಗೆ ಬಂದ ಮಗಳ ಹಬ್ಬ. ಇದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ವರ್ಷವರ್ಷವೂ ಬಂದು ಮರಿ ಮಾಡುವ ಕೊಕ್ಕರೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸುತ್ತಾರೆ. ಶ್ರೀರಂಗಪಟ್ಟಣದ ಕಡೆಯ ವಿಜಯನಗರ ಪ್ರತಿನಿಧಿಯ ಪತ್ನಿ ಅಲಮೇಲಮ್ಮ, 1610ರಲ್ಲಿ ರಾಜಒಡೆಯರ ಕಾಲದಲ್ಲಿ, ಒಡವೆಗಾಗಿ ಬಂದವರಿಗೆ ಮಣಿಯದೆ ಶಾಪ ನುಡಿದು ಕಾವೇರಿಗೆ ಹಾರಿದಳೆಂಬುದು ಐತಿಹ್ಯ. ಅವಳು ಶಪಿಸಿದ ಅರಮನೆಯೇ ಅವಳ ಮೂರ್ತಿಯನ್ನಿಟ್ಟು ದಸರೆಯಲ್ಲಿ ಪೂಜಿಸುತ್ತ ಬಂದಿದೆ. ಸೋತವಳ ಮಾತಿಗೆ ಗೆದ್ದವರು ಇಷ್ಟು ದೀರ್ಘಕಾಲ ತಲೆಬಾಗಿದ ಉದಾಹರಣೆ ಬೇರೆಡೆ ಸುಲಭವಾಗಿ ಸಿಗಲಾರದು.

ಅದೇ ಅರಮನೆಯ ನೆರಳಿನಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಯಳಂದೂರಿನ ಹೊನ್ನಮ್ಮ ಅರಸಿಗೆ ಎಲೆಯಡಿಕೆಯ ಸಂಚಿ ಹಿಡಿಯುವವಳಾಗಿದ್ದಳು. ಆ ಊಳಿಗದವಳು 'ಹದಿಬದೆಯ ಧರ್ಮ'ವನ್ನು ಬರೆದಳು. ಗ್ರಂಥದ ಹೆಸರು ಪತಿವ್ರತಾಧರ್ಮದ್ದಾದರೂ, ಹೆಣ್ಣು ಹುಟ್ಟಿತೆಂದು ಹಳಿಯುವವರ ಅವಿವೇಕವನ್ನು ಅವಳು ಅದರೊಳಗೇ ಪ್ರಶ್ನಿಸಿದ್ದಾಳೆ. ಅವಳ ಹೆಸರಿನ ಹಿಂದೆ ಇಂದಿಗೂ ಸಂಚಿಯೇ ನಿಂತಿದೆ. ಅವಳ ಕೆಲಸವೂ ಅವಳ ಕಾವ್ಯವೂ ಒಟ್ಟಿಗೆ ಉಳಿದದ್ದು ನಮ್ಮ ಭಾಗ್ಯ.

ಹತ್ತಿರದ ಕಾಲಕ್ಕೆ ಬರೋಣ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಆ ಯೋಜನೆಗೆ ಒಪ್ಪಿಗೆ ದೊರೆತು ಕಾಮಗಾರಿ ನಡೆದದ್ದು, 1894ರಲ್ಲಿ ಚಾಮರಾಜೇಂದ್ರ ಒಡೆಯರು ತೀರಿಕೊಂಡ ಬಳಿಕ ರೀಜೆಂಟರಾಗಿ ರಾಜ್ಯಭಾರ ವಹಿಸಿದ ವಾಣಿವಿಲಾಸ ಸನ್ನಿಧಾನದವರ ಆಳ್ವಿಕೆಯಲ್ಲಿ. ದಿವಾನರ ಹೆಸರು, ಇಂಜಿನಿಯರರ ಹೆಸರು ನಮ್ಮ ಪಾಠಗಳಲ್ಲಿವೆ. ಪತಿವಿಯೋಗದ ದುಃಖದಲ್ಲಿಯೂ ರಾಜಮುದ್ರೆ ಹಿಡಿದ ಆ ತಾಯಿಯನ್ನು ಶಿವನಸಮುದ್ರದ ಜೊತೆಗೆ ನೆನೆಯುವವರು ಕಡಿಮೆ. 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ, ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದು, ನಿಷೇಧವನ್ನು ಮುರಿದು ಧ್ವಜ ಹಾರಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ನಿಂತಾಗ ನಾಯಕರ ಹೆಸರುಗಳು ನೆನಪಾಗುತ್ತವೆ. ಅಷ್ಟು ಜನ ಸೇರಿದ ಅಧಿವೇಶನಕ್ಕೆ ಬೆನ್ನಾಗಿ ನಿಂತ ಸುತ್ತಿನ ಹಳ್ಳಿಗಳ ಮನೆಗಳಲ್ಲಿ ಒಲೆಯ ಮುಂದೆ ಕುಳಿತವರು ಯಾರು, ದಸ್ತಗಿರಿಯಾದವರ ಹೊಲಮನೆಗಳನ್ನು ನೋಡಿಕೊಂಡವರು ಯಾರು? ಆ ಪ್ರಶ್ನೆಗೆ ಉತ್ತರ ಇರಬೇಕಾದದ್ದು ಆ ಮನೆಗಳ ಮಾತಿನಲ್ಲಿ.

ಮಹಿಳಾ ದಿನದ ಮೂಲವೂ ದುಡಿಮೆಯೇ. 1910ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಸೇರಿದ ಸಮಾಜವಾದಿ ಮಹಿಳೆಯರ ಸಮ್ಮೇಳನದಲ್ಲಿ ಕ್ಲಾರಾ ಜೆಟ್ಕಿನ್ ಮುಂದಿಟ್ಟ ಸಲಹೆ ಅದು. ಮರುವರ್ಷ ಯೂರೋಪಿನ ನಾಲ್ಕು ದೇಶಗಳಲ್ಲಿ ಆಚರಣೆಗೆ ಬಂತು. ವಿಶ್ವಸಂಸ್ಥೆ 1975ನ್ನು ಮಹಿಳಾ ವರ್ಷವೆಂದು ಸಾರಿ, 1977ರಲ್ಲಿ ಈ ದಿನಕ್ಕೆ ಮನ್ನಣೆ ನೀಡಿತು. ಕರ್ನಾಟಕದ ಹಳ್ಳಿಗೆ ಇದು ಬಂದ ಹೊತ್ತಿಗೆ ಇಲ್ಲಿಯೂ ಕೆಲವು ಬಾಗಿಲುಗಳು ತೆರೆದಿದ್ದವು. 1983ರ ಕಾಯಿದೆಯಂತೆ 1987ರಲ್ಲಿ ನಡೆದ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳ ಚುನಾವಣೆಯಲ್ಲಿ ಶೇಕಡಾ 25ರಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾದವು. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಅದನ್ನು ಮೂರನೆಯ ಒಂದು ಪಾಲಿಗೇರಿಸಿತು. 2010ರಲ್ಲಿ ಕರ್ನಾಟಕ ಅರ್ಧಕ್ಕೇರಿಸಿತು. ಸ್ತ್ರೀಶಕ್ತಿ ಸಂಘಗಳು 2000ದಿಂದೀಚೆಗೆ ಊರೂರಿನಲ್ಲಿ ಹುಟ್ಟಿಕೊಂಡವು. ಎಂದರೆ ಆತಕೂರಿನ ಕಲ್ಲಿನ ಕಾಲದಲ್ಲಿ ಇಲ್ಲದಿದ್ದ ಬರೆಸುವ ಕೈ ಈಗ ಹೆಂಗಸರಿಗೇ ಬಂದಿದೆ. ಸಂಘದ ನಡಾವಳಿಯ ಪುಸ್ತಕ, ಪಂಚಾಯಿತಿಯ ಠರಾವು, ಶಾಲೆಯ ದಾಖಲೆ, ಎಲ್ಲವೂ ಇಂದಿನ ಶಾಸನಗಳೇ.

ಅವುಗಳಲ್ಲಿ ಏನು ಬರೆಯುತ್ತೇವೆ ಎಂಬುದೇ ಮುಖ್ಯ. ಪಾವಗಡದ ಸೂಲಗಿತ್ತಿ ನರಸಮ್ಮನವರು ಹೆರಿಗೆ ಮಾಡಿಸುತ್ತ ಆಯುಷ್ಯ ಸವೆಸಿದವರು. 2018ರಲ್ಲಿ ಪದ್ಮಶ್ರೀ ಬಂದಾಗ ನಾಡು ಅವರನ್ನು ಕಂಡಿತು. ಹುಲಿಕಲ್ಲಿನ ತಿಮ್ಮಕ್ಕನವರು ಕುದೂರಿನ ದಾರಿಯ ಬದಿ ನೆಟ್ಟ ಆಲಗಳೇ ಅವರ ಹೆಸರಾದವು. 2019ರಲ್ಲಿ ಅವರಿಗೂ ಅದೇ ಪ್ರಶಸ್ತಿ ಸಂದಿತು. ಅಂಥ ಸೂಲಗಿತ್ತಿಯರು ಪ್ರತಿ ಹೋಬಳಿಯಲ್ಲಿಯೂ ಇದ್ದರು. ರಾಗಿಯ ಬೀಜ ಕಾದಿಟ್ಟವರು, ನಾಟಿಯ ಸಾಲಿನಲ್ಲಿ ಪದ ಎತ್ತಿಕೊಡುತ್ತಿದ್ದವರು, ಮದುವೆಯ ಮನೆಯಲ್ಲಿ ಹಗಲಿರುಳು ಸೋಬಾನೆ ಹೇಳುತ್ತಿದ್ದವರು ಹಲವು ಊರುಗಳಲ್ಲಿ ಇನ್ನೂ ಒಬ್ಬಿಬ್ಬರು ಉಳಿದಿದ್ದಾರೆ. ಅವರೊಡನೆ ಹೋಗುವುದು ಹಾಡು ಮಾತ್ರವಲ್ಲ; ಅವರ ತಾಯಿ, ಅಜ್ಜಿ, ಅತ್ತೆಯರ ಹೆಸರುಗಳೂ ಹೋಗುತ್ತವೆ.

ಆದ್ದರಿಂದ ಮುಂದಿನ ಮಾರ್ಚಿನಲ್ಲಿ ಚಿಕ್ಕರಸಿನಕೆರೆಯಲ್ಲೋ ಮತ್ತಾವ ಊರಿನಲ್ಲೋ ಚಪ್ಪರ ಎದ್ದಾಗ, ಅತಿಥಿಯ ಭಾಷಣಕ್ಕೆ ಅರ್ಧ ಗಂಟೆ ಕಡಿಮೆ ಮಾಡಿ ಆ ವೇಳೆಯನ್ನು ಊರಿನ ಅತ್ಯಂತ ಹಿರಿಯ ಹೆಂಗಸಿಗೆ ಕೊಡಬಹುದು. ಅವಳು ಹಾಡಿದ್ದನ್ನು, ಹೇಳಿದ್ದನ್ನು ಶಾಲೆಯ ಹುಡುಗಿಯರು ಬರೆದುಕೊಳ್ಳಲಿ. ಅವಳಿಗೆ ಗೊತ್ತಿರುವ ಹೆಂಗಸರ ಹೆಸರುಗಳನ್ನು, ಅವರು ಮಾಡುತ್ತಿದ್ದ ಕೆಲಸವನ್ನು ಒಂದು ಪುಸ್ತಕದಲ್ಲಿ ದಾಖಲಿಸಿ ಪಂಚಾಯಿತಿಯಲ್ಲಿಡಲಿ. ವರ್ಷಕ್ಕೊಮ್ಮೆ ಅದೇ ದಿನ ಓದಲಿ. ಖರ್ಚು ಒಂದು ನೋಟುಬುಕ್ಕಿನದು. ಊರಿನ ಹೆಸರಿನೊಳಗೆ ಅರಸಿ ಇದ್ದಳೋ ಇಲ್ಲವೋ ಎಂಬುದನ್ನು ವಿದ್ವಾಂಸರು ವಾದಿಸಲಿ. ಕೆರೆಯ ನೀರನ್ನು ಕೊಡದಲ್ಲಿ ಹೊತ್ತು ತಂದವರ ಹೆಸರನ್ನಾದರೂ ಈ ತಲೆಮಾರು ಬರೆದಿಡುವುದಕ್ಕೆ ಯಾವ ವ್ಯಾಕರಣದ ಅಡ್ಡಿಯೂ ಇಲ್ಲ.