ಪೂರ್ವಪಕ್ಷದ ಮರ್ಯಾದೆ

ನಿವೃತ್ತನಾದ ಮೇಲೆ ಹಳೆಯ ವಿದ್ಯಾರ್ಥಿಗಳು ನನ್ನನ್ನು ತಮ್ಮ ಇ-ಮೇಲ್ ಬಳಗವೊಂದಕ್ಕೆ ಸೇರಿಸಿಕೊಂಡರು. ಅಲ್ಲಿ ಹಳಗನ್ನಡ ಪದ್ಯವೊಂದರ ಪಾಠದ ಬಗೆಗೆ ಚರ್ಚೆ ನಡೆದಾಗ ಮಿತ್ರರೊಬ್ಬರು, ಅಚ್ಚಾದ ಪಾಠ ತಪ್ಪಿರಬಹುದು, ಆದರೆ ಓಲೆಯನ್ನು ನೋಡದೆ ಹಾಗೆನ್ನಲಾರೆ ಎಂದು ಬರೆದರು. ನಾನು ಆ ವಾಕ್ಯದ ಮೊದಲರ್ಧವನ್ನಷ್ಟೇ ಎತ್ತಿಕೊಂಡು ಅದರ ಕೆಳಗೆ ಎರಡು ಪುಟದ ಖಂಡನೆ ಬರೆದೆ. ಅವರು ಸಿಟ್ಟಾಗಲಿಲ್ಲ. "ಉಳಿದರ್ಧವನ್ನು ಎಲ್ಲಿ ಬಿಟ್ಟಿರಿ, ಸ್ವಾಮಿ?" ಎಂದಷ್ಟೇ ಕೇಳಿದರು. ಮೂವತ್ತು ವರ್ಷ ಗ್ರಂಥಸಂಪಾದನೆಯ ಪಾಠ ಹೇಳಿದವನಿಗೆ ಆ ಪ್ರಶ್ನೆ ನಾಟಿತು.

ಎದುರಾಳಿಯ ವಾದವನ್ನು ಮೊದಲು ಮುಂದಿಟ್ಟು, ಅನಂತರ ಉತ್ತರ ಹೇಳಬೇಕೆಂಬುದು ನಮ್ಮ ಶಾಸ್ತ್ರಕಾರರ ಪದ್ಧತಿ. ಪಾಣಿನಿಯ ಸೂತ್ರಗಳ ಮೇಲೆ ಕಾತ್ಯಾಯನ ರಚಿಸಿದ ವಾರ್ತಿಕಗಳು ಸ್ವತಂತ್ರ ಗ್ರಂಥವಾಗಿ ಉಳಿದಿಲ್ಲ; ಪತಂಜಲಿ ಮಹಾಭಾಷ್ಯದಲ್ಲಿ ಅವನ್ನು ಎತ್ತಿ ಚರ್ಚಿಸಿದ್ದರಿಂದ ನಮಗೆ ದೊರೆತಿವೆ. ನಮ್ಮಲ್ಲಿಯೇ, ೧೩ನೆಯ ಶತಮಾನದ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ'ದಲ್ಲಿ ಎಷ್ಟೋ ಕವಿಗಳ ಪದ್ಯಗಳನ್ನು ಉಳಿಸಿಕೊಟ್ಟ. ಆದರೆ ಯಾರ ಪದ್ಯವೆಂದು ಹೇಳಲಿಲ್ಲ. ಅವನಿಗೆ ನಮಸ್ಕರಿಸುತ್ತಲೇ ವಿದ್ವಾಂಸರು ಇಂದಿಗೂ ಮೂಲವನ್ನು ಹುಡುಕುತ್ತಿದ್ದಾರೆ.

ಗಣಕಯಂತ್ರದ ಚರ್ಚೆಗಳಿಗೂ ಇದೇ ತೊಡಕು ಎದುರಾಯಿತು. ೧೯೭೯ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಎಂಬ ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ ಚರ್ಚಾಜಾಲವನ್ನು ಕಲ್ಪಿಸಿದರು. ಅಲ್ಲಿ ಬರೆಹವು ದೂರವಾಣಿಯ ತಂತಿಯ ಮೇಲೆ ಯಂತ್ರದಿಂದ ಯಂತ್ರಕ್ಕೆ ಹಾಯ್ದು ಬರಬೇಕು. ಹೀಗಾಗಿ ಒಮ್ಮೊಮ್ಮೆ ಪ್ರಶ್ನೆಗಿಂತ ಉತ್ತರವೇ ಮೊದಲು ತಲುಪುತ್ತಿತ್ತು! ಓದುಗನಿಗೆ ತಲೆಬುಡ ತಿಳಿಯಬೇಕಾದರೆ ಹಿಂದಿನ ಮಾತನ್ನು ಉದ್ಧರಿಸಲೇಬೇಕು. ಉದ್ಧೃತವಾದ ಪ್ರತಿ ಸಾಲಿನ ಮೊದಲಿಗೆ ಬಾಣದ ಮೊನೆಯಂತಹ ಗುರುತನ್ನಿಡುವ ವಾಡಿಕೆ ಬೆಳೆಯಿತು. ಉದ್ಧರಣೆಯೊಳಗಿನ ಉದ್ಧರಣೆಗೆ ಎರಡು ಮೊನೆ. ಪ್ರಾಚೀನ ಗ್ರೀಕ್ ಹಸ್ತಪ್ರತಿಗಳ ಅಂಚಿನಲ್ಲಿಯೂ 'ಡಿಪ್ಲೆ' ಎಂಬ ಇದೇ ಆಕಾರದ ಗುರುತು ಕಾಣುತ್ತದೆ. ಇವೆರಡಕ್ಕೂ ನಂಟಿದೆಯೆಂದು ನಾನು ವಾದಿಸುವುದಿಲ್ಲ.

ಇನ್ನೊಂದು ಅತಿರೇಕವೂ ಹುಟ್ಟಿತು. ನೂರು ಸಾಲನ್ನು ಇಡಿಯಾಗಿ ಎತ್ತಿಟ್ಟು, ಕೊನೆಗೆ 'ಹೌದು' ಎಂದು ಸೇರಿಸುವವರು ಹೆಚ್ಚಿದರು. ಹೊಸ ಸಾಲಿಗಿಂತ ಹಳೆಯ ಸಾಲೇ ಹೆಚ್ಚಿದ್ದರೆ ಕೆಲವು ತಂತ್ರಾಂಶಗಳು ಬರೆಹವನ್ನು ತಿರಸ್ಕರಿಸುತ್ತಿದ್ದವು. ಜಾಣರು ಅರ್ಥವಿಲ್ಲದ ಸಾಲುಗಳನ್ನು ತುಂಬಿ ಅದನ್ನೂ ವಂಚಿಸಿದರು. ೧೯೯೫ರ ಅಕ್ಟೋಬರಿನಲ್ಲಿ ಸ್ಯಾಲಿ ಹ್ಯಾಂಬ್ರಿಜ್ ಎಂಬಾಕೆ ಸಿದ್ಧಪಡಿಸಿದ ಜಾಲಶಿಷ್ಟಾಚಾರದ ಕೈಪಿಡಿ ಪ್ರಕಟವಾಯಿತು. ಮೂಲವನ್ನು ಸಂಗ್ರಹಿಸಿ ಹೇಳಿ, ಇಲ್ಲವೆ ಸಂದರ್ಭ ತಿಳಿಯುವಷ್ಟನ್ನೇ ಉದ್ಧರಿಸಿ ಎಂಬುದು ಅದರ ವಿಧಿ. ನಮ್ಮ ಭಾಷ್ಯಕಾರರು ಒಪ್ಪುತ್ತಿದ್ದರೆಂದು ತೋರುತ್ತದೆ.

ಮುಂದೆ ಕಚೇರಿಗಳಲ್ಲಿ ಇ-ಮೇಲ್ ಹಬ್ಬಿದಾಗ ಉತ್ತರ ಮೇಲೆ, ಹಳೆಯ ಪತ್ರವೆಲ್ಲ ಕೆಳಗೆ ಎಂಬ ಕ್ರಮವೇ ಗೆದ್ದಿತು. ಅನುಕೂಲವೇನೋ ಸರಿಯೆ. ಆದರೆ ಆಯ್ಕೆಯ ಶ್ರಮವಿಲ್ಲದ ಈ ಬಾಲ ನನಗೆ ಹಿಡಿಸದು.

ಮಿತ್ರರ ವಾಕ್ಯವನ್ನು ಪೂರ್ತಿಯಾಗಿ ಎತ್ತಿ ಬರೆದು, ನನ್ನ ಖಂಡನೆಯನ್ನು ಹಿಂತೆಗೆದುಕೊಂಡು ಬಳಗಕ್ಕೆಲ್ಲ ಕಳುಹಿಸಿದೆ. ಓಲೆಯ ಪ್ರತಿ ನಮ್ಮಿಬ್ಬರಿಗೂ ಇನ್ನೂ ಸಿಕ್ಕಿಲ್ಲ.