ಪಹಣಿಯನ್ನೋದುವ ಅಧಿಕಾರ

ಕೃಷ್ಣಾ-ತುಂಗಭದ್ರೆಗಳ ನಡುವಣ ಎರೆಭೂಮಿಯಲ್ಲಿ, ರಾಯಚೂರು ಜಿಲ್ಲೆಯ ಕವಿತಾಳ ಸೀಮೆಯ ಒಕ್ಕಲಿಗೆ, ತನ್ನ ಹೊಲದ ಮೇಲಿನ ಸ್ವಾಮ್ಯವೆಷ್ಟು ಪುರಾತನವೋ, ಆ ಸ್ವಾಮ್ಯವನ್ನು ದಾಖಲಿಸಿದ ಕಾಗದವನ್ನು ತಾನೇ ಕಂಡು ಓದುವ ಅಧಿಕಾರವು ಅಷ್ಟೇ ಅರ್ವಾಚೀನವಾದುದು. 1853ರಲ್ಲಿ ಆಂಗ್ಲರ ವಶಕ್ಕೆ ಹೋಗಿ 1860ರಲ್ಲಿ ನಿಜಾಮರಿಗೆ ಮರಳಿದ ಈ ನಾಡಿನಲ್ಲಿ, ದಿವಾನ ಸಾಲಾರ್ ಜಂಗರ ಕಾಲದಿಂದ ಜಿಲ್ಲಾಡಳಿತವು ನೆಲೆಗೊಂಡಿತಾದರೂ, ಹಳ್ಳಿಯ ಲೆಕ್ಕವು ವಂಶಪಾರಂಪರ್ಯವಾಗಿ ಬಂದ ಪಟವಾರಿಯ ದಫ್ತರದಲ್ಲಿಯೇ ಉಳಿಯಿತು. ಮೇಲಿನ ಕಚೇರಿಗಳ ಬರೆಹವೋ ಮೊದಲು ಪಾರಸಿ, ಬಳಿಕ ಉರ್ದು. ಬರೆಯುವವನೂ, ಕಾಯುವವನೂ, ಓದಿ ಹೇಳುವವನೂ ಒಬ್ಬನೇ ಆದಲ್ಲಿ, ಬರೆದುದು ಸರಿಯೋ ತಪ್ಪೋ ಎಂದು ಒಕ್ಕಲು ಪರೀಕ್ಷಿಸುವುದೆಂತು?

1956ರಲ್ಲಿ ರಾಯಚೂರು ಮೈಸೂರು ರಾಜ್ಯದಲ್ಲಿ ಸೇರಿತು. 1963ರ ಫೆಬ್ರವರಿಯಲ್ಲಿ ಗ್ರಾಮಾಧಿಕಾರಗಳ ವಂಶಪಾರಂಪರ್ಯವು ಕಾಯಿದೆಯಿಂದ ರದ್ದಾಗಿ, ದಫ್ತರವು ಸಂಬಳದ ಗ್ರಾಮಲೆಕ್ಕಿಗನ ಕೈಸೇರಿತು. ಕೈ ಬದಲಾಯಿತೇ ಹೊರತು ಬೀಗವು ಬದಲಾಗಲಿಲ್ಲ.

ನಿಜವಾದ ಪರಿವರ್ತನೆಯು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮೊದಲಾದ ‘ಭೂಮಿ’ ಯೋಜನೆಯಿಂದಾದುದು. ರಾಜ್ಯದ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿ, ಕೈಬರೆಹದ ಪಹಣಿಯ ಮಾನ್ಯತೆಯನ್ನೇ ತೆಗೆದುಹಾಕಿದ ಆ ವ್ಯವಸ್ಥೆಯಲ್ಲಿ ಅತ್ಯಂತ ಶ್ಲಾಘ್ಯವೆಂದು ನನಗೆ ತೋರುವುದು ಅದರ ವೇಗವಲ್ಲ, ಓದಿಗೂ ಬರೆಹಕ್ಕೂ ಅದು ಎಳೆದ ಗಡಿ. ಹಣ ಕೊಟ್ಟು ಸರ್ವೇ ನಂಬರು ಹೇಳಿದ ಯಾರಿಗಾದರೂ ಪಹಣಿಯ ಪ್ರತಿ ದೊರೆಯತೊಡಗಿತು. ಆದರೆ ಹಕ್ಕು ಬದಲಾವಣೆ ಮಾಡಬೇಕಾದರೆ, ನೋಟೀಸು ಹೊರಡಿಸಿ, ತಕರಾರಿಗೆ 30 ದಿನಗಳ ಅವಕಾಶವನ್ನಿತ್ತು, ಅಧಿಕಾರಿಯು ಬೆರಳಚ್ಚನ್ನೊತ್ತಿ ತನ್ನ ಗುರುತನ್ನು ಸ್ಥಾಪಿಸಿದ ನಂತರವೇ ಯಂತ್ರವು ಒಪ್ಪುತ್ತಿತ್ತು. ಮುಂದೆ ಪಹಣಿಯು ಅಂತರ್ಜಾಲದಲ್ಲಿ ಕಾಣತೊಡಗಿದಾಗಲೂ ಇದೇ ನಿಯಮ: ದೂರದ ಭಂಡಾರದಲ್ಲಿರುವ ದಾಖಲೆಯನ್ನು ಜನರು ನೋಡಬಹುದು, ತಿದ್ದಲಾಗದು. ಯಾರಿಗೆ ಎಷ್ಟು ತೆರೆಯಬೇಕೆಂಬ ನಿರ್ಣಯವು, ಪಟವಾರಿಯ ಮರ್ಜಿಯಿಂದ ಬಿಡಿಸಿಕೊಂಡು, ಮೊದಲೇ ವಿಧಿಸಿಟ್ಟ ಕಟ್ಟಳೆಗೆ ಒಳಪಟ್ಟಿತು.

ಆದರೂ ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿ, ಜೀರ್ಣವಾಗುತ್ತಿರುವ ಹಳೆಯ ಕಡತಗಳು ಬಹುಕಾಲ ಆ ಕಟ್ಟಳೆಯ ಹೊರಗುಳಿದುವು. 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯು ಅವುಗಳ ಪ್ರತಿಬಿಂಬಗಳನ್ನು ತೆಗೆದು ಭಂಡಾರಕ್ಕೆ ಸೇರಿಸುತ್ತಿದೆ. ಈ ಸೀಮೆಯ ಹಳೆಯ ದಾಖಲೆಗಳಲ್ಲಿ ಉರ್ದುವಿನವೂ ಇರುವುದರಿಂದ, ಪ್ರತಿಬಿಂಬದೊಡನೆ ಅವುಗಳನ್ನು ಓದಬಲ್ಲವರನ್ನೂ ಸರಕಾರವು ನಿಯಮಿಸಬೇಕಾಗಿದೆ.